ಹದಿನೇಳು ಬಟನ್

ಗಾರ್ಡನ್ ಏರಿಯಾದಲ್ಲಿ ಹೂವಿಲ್ಲ, ಗಿಡವಿಲ್ಲ,
ಇರುವುದು ಬೇರಿಂಗು, ಬೆಲ್ಟು, ಪಂಪ್‌ಸೆಟ್ಟಿನ ಅಂಗಡಿ.
ಒಂದರ ಮೇಲ್ಮಹಡಿಯಲ್ಲಿ ನಮ್ಮ ಆಫೀಸು:
ಮೂರು ಮೇಜು, ಒಂದು ಫ್ಯಾನು,
ಪಾಲಿಟೆಕ್ನಿಕ್ ಮಕ್ಕಳು ಕೋಡ್ ಬರೆಯಲೆಂದು
ಎರಡು ವರ್ಷ ನಿದ್ದೆಗೆಟ್ಟು ಕಟ್ಟಿದ ನನ್ನ ಎಡಿಟರ್.

ಚೆಂದವಿದೆ ಎಂದಿದ್ದರು ನೋಡಿದವರೆಲ್ಲ.
ನೋಡಿದವರೆಲ್ಲ.

ಮೈಮೂನಾ ಗೋಪಾಳದಿಂದ ಸಿಟಿ ಬಸ್ಸಿನಲ್ಲಿ ಬಂದಳು.
ಕೋಲು ಮಡಚುತ್ತ ಹೇಳಿದಳು:
"ಹತ್ತೊಂಬತ್ತು ಮೆಟ್ಟಿಲು. ಹನ್ನೊಂದನೆಯದು ಮುರಿದಿದೆ, ಗೊತ್ತಾ?"
ಆರು ವರ್ಷ ಹತ್ತಿಳಿದಿದ್ದೇನೆ.
ಗೊತ್ತಿರಲಿಲ್ಲ.

ಲ್ಯಾಪ್‌ಟಾಪ್ ತೆರೆದಳು. ಪರದೆ ಕಪ್ಪು.
ಕೆಟ್ಟಿದೆಯೇನೋ ಅಂದುಕೊಂಡೆ.
"ಬೆಳಕು ಸೊನ್ನೆಗಿಟ್ಟಿದ್ದೀನಿ, ಬ್ಯಾಟರಿ ಉಳಿಯುತ್ತೆ.
ನಿಮಗೆ ಬೇಕಿದ್ದರೆ ಹಚ್ತೀನಿ" ಎಂದಳು,
ಮನೆಗೆ ಬಂದವರಿಗೆ ಕಾಫಿ ಬೇಕಾ ಅಂದ ಹಾಗೆ.

ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಕೊಟ್ಟಳು.
ಕಾದ ಎಣ್ಣೆಗೆ ಬಿದ್ದ ಸಾಸಿವೆ,
ಅಷ್ಟು ವೇಗ ಆ ದನಿಗೆ.
ನನಗಾಗಿ ನಿಧಾನ ಮಾಡಿದಳು,
ಇನ್ನೂ ನಿಧಾನ,
ಇನ್ನೂ.
ಆಗ ಮೊದಲ ಸಲ ನನ್ನ ಎಡಿಟರ್ ನನಗೆ ಕೇಳಿಸಿತು:

ಬಟನ್.
ಬಟನ್.
ಬಟನ್.

ಹದಿನೇಳು ಸಲ.
ಕತ್ತರಿ, ತ್ರಿಕೋನ, ಪುಟ್ಟ ಬುಟ್ಟಿ,
ಚಿತ್ರವಿತ್ತು ಪ್ರತಿಯೊಂದಕ್ಕೂ. ಹೆಸರಿರಲಿಲ್ಲ.
"ಓಡಿಸೋದು ಯಾವುದು, ಅಳಿಸೋದು ಯಾವುದು?
ಒತ್ತಿಯೇ ನೋಡಬೇಕಾ?"
ಒತ್ತಿದಳು.
ಅವಳ ಇಪ್ಪತ್ತು ಸಾಲು ಸದ್ದಿಲ್ಲದೆ ಬುಟ್ಟಿಗೆ ಹೋಯಿತು.

ತಪ್ಪಿದ್ದ ಕಡೆ ಕೆಂಪು ಗೆರೆ ಬರುತ್ತದಲ್ಲ, ಎಂದೆ.
"ಕೆಂಪು ಅಂದರೆ ಎಷ್ಟನೇ ಸಾಲು?" ಎಂದಳು.
ಮುಂದಿನ ವರ್ಷನ್‌ನಲ್ಲಿ ಸರಿಮಾಡೋಣ, ಎಂದೆ.
"ನಮಗೆ ಯಾವಾಗಲೂ ಮುಂದಿನ ವರ್ಷನ್ನೇ."

ಕೆಳಗಿನ ಅಂಗಡಿ ಶಟರ್ ಇಳಿಸಿದ ಮೇಲೂ
ಕೂತು ಹೆಸರಿಟ್ಟೆವು.
ಓಡಿಸು. ನಿಲ್ಲಿಸು. ಅಳಿಸಿದ್ದನ್ನು ವಾಪಸ್ ತಾ.
ನಾನು ಉದ್ದುದ್ದ ಬರೆದರೆ ಅವಳು ಕತ್ತರಿಸಿದಳು:
"ದಿನಕ್ಕೆ ಇನ್ನೂರು ಸಲ ಕೇಳಬೇಕಾದ್ದು, ಹರಿಕಥೆ ಬೇಡ."
ಸಾಲು ಒಳಸರಿದಷ್ಟೂ ಸ್ವರ ಏರಬೇಕು,
ನಾಲ್ಕು ಸ್ಪೇಸಿಗೊಂದು ಮೆಟ್ಟಿಲು, ಎಂದಳು. ಹಾಗೇ ಮಾಡಿ
ನನ್ನದೇ ಹಳೆಯ ಕೋಡು ಓದಿಸಿದರೆ
ಒಂದು ಕಡೆ ಅಪಸ್ವರ.
ಮೂರೇ ಸ್ಪೇಸು ಬಿಟ್ಟಿದ್ದೆ, ಎರಡು ವರ್ಷದಿಂದ.

ಅಕ್ಕನ ಮಗಳ ನಾಮಕರಣ ನೆನಪಾಯಿತು, ಹೇಳಿದೆ:
ತೊಟ್ಟಿಲಿಗೆ ಬಗ್ಗಿ ಹೆಸರು ಮೊದಲು ಕಿವಿಯಲ್ಲಿ,
ಊರಿಗೆ ಆಮೇಲೆ.
"ನಮ್ಮಲ್ಲೂ ಕಿವಿಯಿಂದಲೇ ಶುರು, ಮೊದಲು ಅಜಾನ್,"
ಟ್ಯಾಬ್ ಒತ್ತುತ್ತಲೇ ಅಂದಳು.

ಹದಿನೇಳನೆಯ ಬಟನ್ನಿಗೆ ಹೆಸರು ಹೊಳೆಯಲಿಲ್ಲ.
ಅದು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ,
ಸಾಲು ತುಂಬಲೆಂದು ಇಟ್ಟಿದ್ದೆ.
ತೆಗೆದೆವು.

ಕೊನೆಯ ಬಸ್ಸಿಗೆ ಹೊತ್ತಾಗಿತ್ತು.
ಕೋಲು ಬಿಡಿಸಿಕೊಂಡಳು,
ನಾನು ಮೊಬೈಲಿನ ಟಾರ್ಚಿಗೆ ತಡಕಾಡುತ್ತಿದ್ದೆ.
"ಇಳಿಯುವಾಗ ಅದು ಒಂಬತ್ತನೆಯದು," ಎಂದಳು,
"ಹುಷಾರು."