ಕೆಳಗೆ ಸಹಿ ಮಾಡಿರುವ ನಾನು

ಬೆಳಗಾವಿ ಡಿ.ಸಿ. ಆಫೀಸಿನ ಎದುರಿಗೆ, ಬೇವಿನ ಗಿಡದ ಬುಡಕ,
ತಗಡಿನ ನೆರಳಾಗ ನನ್ನ ಟೇಬಲ್ಲು.
ಅಲ್ಲ, ನೋಟರಿ ಉಪಾಧ್ಯೆ ಸಾಹೇಬರ ಟೇಬಲ್ಲು.
ಕುರ್ಚಿ ಮ್ಯಾಲಿನ ದಿಂಬಷ್ಟ ನನ್ನದು.

ಹನ್ನೊಂದು ವರ್ಷ ಮಂದಿಯ ಅರ್ಜಿ ಬರದೀನಿ.
ಹೊಲದ ಹದ್ದಿನ ತಕರಾರು, ಹೆಸರು ತಿದ್ದುಪಡಿ,
ಬೈಲಹೊಂಗಲದ ಮುದುಕಿಗೆ
ತಾನಿನ್ನೂ ಜೀವಂತ ಅದೀನಿ ಅಂತ ಒಂದು ಪ್ರಮಾಣಪತ್ರ.
ಅವರು ಅಳತಾ ಹೇಳಿದ್ದನ್ನ ನಾನು
'ಮಾನ್ಯರೇ' ಅಂತ ಶುರು ಮಾಡಿ
ಒಂದೂವರೆ ಪುಟದಾಗ ಒಣಗಿಸಿ ಕೊಡತೀನಿ.

ಈಗ ನಂದೊಂದು ಅರ್ಜಿ ಐತಿ.

ಹೋದ ಸೋಮವಾರದಿಂದ ಸಂಜಿ ಆರಕ್ಕ
ಕಾಲೇಜ ರೋಡಿನ ರಕ್ತ ತಪಾಸಣಿ ಲ್ಯಾಬಿನಾಗ
ವರದಿ ಟೈಪ್ ಮಾಡತೀನಿ.
ಇದನ್ನ ಸಾಹೇಬರಿಗೆ ಹೇಳಬೇಕು. ಹೇಳಲೇಬೇಕಂತೇನಿಲ್ಲ.
ಆದ್ರ ಸಕ್ಕರಿ ಎಷ್ಟೈತಿ ಅಂತ ನೋಡಿಸ್ಕೊಳ್ಳಾಕ
ಅವರೂ ಅಲ್ಲೇ ಬರತಾರ.

ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೂತೆ.
'ಕೆಳಗೆ ಸಹಿ ಮಾಡಿರುವ ನಾನು,
ಶ್ರೀಮತಿ ಶಕುಂತಲಾ ಭರಮಪ್ಪ ಕೊಕಟನೂರ,
ವಯಸ್ಸು ನಲವತ್ತೊಂದು, ಸಾಕಿನ್ ವಡಗಾವಿ,
ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ'

ಏನೆಂದರೆ.
ಬೆರಳು ಅಲ್ಲೇ ನಿಂತವು.
ಮಂದಿಯ ಕಾರಣ ಎಲ್ಲ ಬಾಯಿಪಾಠ ನನಗ:
'ಆರ್ಥಿಕ ಅಡಚಣೆಯ ನಿಮಿತ್ತ', 'ಕೌಟುಂಬಿಕ ಕಾರಣಗಳಿಂದ'.
ಯಾವುದನ್ನ ಹಾಕಿದರೂ ಕಾಗದ ಒಪ್ಪತೈತಿ.
ಆದ್ರ ಮನ್ಯಾಗ ಯಾರಿಗೂ ಜಡ್ಡಿಲ್ಲ, ಸಾಲ ಇಲ್ಲ.
ಖರೇ ಅಂದ್ರ ನನಗೊಂದು ಸ್ಕೂಟರ್ ಬೇಕು, ನೀಲಿದು.
ವಡಗಾವಿ ಬಸ್ಸಿಗೆ ನಿಂತೂ ನಿಂತು ಹಿಮ್ಮಡಿ ಸವೆದಾವು.
ಮತ್ತ, ಇದನ್ನ ಯಾರಿಗೂ ಹೇಳಿಲ್ಲ,
ಆ ಲ್ಯಾಬಿನಾಗ ನನ್ನ ಮುಂದ ಯಾರೂ ಅಳೂದಿಲ್ಲ.
ಬರೇ ಅಂಕಿ. ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ಎರಡು.
ಅದನ್ನ ಒಣಗಿಸೂ ಕೆಲಸ ಇಲ್ಲ.

ಕಾರಣದ ಜಾಗ ಖಾಲಿ ಬಿಟ್ಟು,
'ತಮ್ಮ ಕೆಲಸಕ್ಕೆ ಕುಂದು ಬಾರದಂತೆ' ಅಂತ ಸೇರಿಸಿ,
ಪ್ರಿಂಟ್ ತಗದು, ಸಹಿ ಮಾಡಿ
ಸಾಹೇಬರ ಚಹಾದ ಕಪ್ಪಿನ ಬಾಜೂಕ ಇಟ್ಟೆ.

ಕನ್ನಡಕ ಏರಿಸಿದರು.
'ಅನುಮತಿ'ಯಾಗ ಒಂದು ತಪ್ಪು ಹುಡುಕಿ
ಕೆಂಪು ಶಾಯಿಲೆ ತಿದ್ದಿದರು.
ಖಾಲಿ ಜಾಗಕ್ಕ ಬಂದು ಪೆನ್ನು ನಿಂತಿತು.
ನಾನು ಬೇವಿನ ಕಡೆ ನೋಡಿದೆ.

"ನಾ ನಿನಗ ಎಷ್ಟು ಕೊಡತೀನವಾ ಈಗ?"
ಹೇಳಿದೆ.
"ಅಷ್ಟನ?" ಅಂದರು.
ಹನ್ನೊಂದು ವರ್ಷ ತಾವೇ ಎಣಿಸಿ ಕೊಟ್ಟ ರೊಕ್ಕ.

ಮತ್ತೇನೂ ಅನಲಿಲ್ಲ. ರೂಢಿ ನೋಡ್ರಿ,
ದುಂಡ ಶಿಕ್ಕಾ ಎತ್ತಿ ಟಪ್ಪಂತ ಒತ್ತಿ,
ನನ್ನ ಕಡೆ ನೋಡದ ಕೈ ಚಾಚಿದರು:
"ಮೂವತ್ತು ರೂಪಾಯಿ."

ನಾನೂ, ರೂಢಿ, ಪರ್ಸಿಗೆ ಕೈ ಹಾಕಿದೆ.
ಇಬ್ಬರೂ ಇನ್ನೇನು ನಗಬೇಕು,
ಯಾರೋ ಬಂದು ನಿಂತರು, ಕೈಯಾಗ ಹಳೇ ಉತಾರ.
"ಕುಂದ್ರಿ," ಅಂದೆ. "ಹೆಸರು ಹೇಳ್ರಿ."