ಒಂದು ಮೊಳಕ್ಕಿಂತ ಹೆಚ್ಚು ಬೇಡ

ಬುಕಾಕಾಟದ ದಡದಲ್ಲಿ ಈ ವರ್ಷ ಇದು ಮೂರನೆಯದು.
ಹೊಟ್ಟೆ ಬಿರಿದು, ಎಣ್ಣೆ ಕಾರಿ,
ಎರಡು ಕಂಬಗಳ ನಡುವೆ ಕಪ್ಪಗೆ ಕೂತಿತ್ತು.
ಮೀನಿನ ಮಂಜುಗಡ್ಡೆ ಕರಗಿ ಸರೋವರಕ್ಕೇ ವಾಪಸು ಹೋಯಿತು.
ಕ್ಲಿನಿಕ್ಕಿನ ಲಸಿಕೆಗಳನ್ನು ಯಾರೋ ಬೈಕಿನಲ್ಲಿ ಮಸಾಕಾಕ್ಕೆ ಒಯ್ದರು.

"ಕಿವಾನುಕನ ಕೋಪ" ಎಂದರು ಬಲೆ ಹೆಣೆಯುವ ಮುದುಕರು,
ಸಿಡಿಲಿಗೆ ಅವರ ಅಜ್ಜಂದಿರು ಇಟ್ಟ ಹೆಸರು.
ಸೆಕಬೆಂಬೆ ಕತ್ತೆತ್ತಿ ನೋಡಿದ:
"ಕೋಪ ಅವನದಿರಬಹುದು. ಅಸಡ್ಡೆ ನಮ್ಮದು."

ಅರೆಸ್ಟರ್ ಇರಲಿಲ್ಲವೆಂದಲ್ಲ.
ಕಟ್ಟಿದವನು ಆಚೆ ಕಂಬಕ್ಕೆ ಕಟ್ಟಿ
ಮಿಕ್ಕ ತಂತಿ ಕತ್ತರಿಸಲು ಮನಸ್ಸಾಗದೆ
ಕೊಡದ ಕೆಳಗಿನ ಸಿಂಬೆಯಂತೆ ಸುತ್ತಿ ಬಿಟ್ಟಿದ್ದ.
ನೆಲಕ್ಕಿಳಿಯುವ ತಂತಿಯೋ, ಆಳೆತ್ತರದಲ್ಲಿ ತುಂಡು.
ತಾಮ್ರಕ್ಕೆ ಕಂಪಾಲಾದಲ್ಲಿ ಒಳ್ಳೆಯ ಬೆಲೆ.

"ಸಿಡಿಲಿಗೆ ಸುತ್ತುದಾರಿ ಆಗದು, ನಬ್ಬೋಸಾ.
ಅದರ ಅವಸರಕ್ಕೆ ಈ ಸಿಂಬೆಯೂ ಬೆಟ್ಟ.
ನಿನ್ನ ಮೊಳಕೈಯಿಂದ ಬೆರಳ ತುದಿಗೆ, ಅಷ್ಟೇ ತಂತಿ.
ಮೇಲಿನ ಒಂದೊಂದು ಗೇಣಿಗೂ
ಪೆಟ್ಟಿಗೆಯೊಳಗಿನ ಸುರುಳಿ ತೆರಿಗೆ ಕಟ್ಟುತ್ತದೆ."

ಲೈನ್ ಕಡಿದು, ಎರಡು ಸಲ ಪರೀಕ್ಷಿಸಿ, ಹತ್ತಿದೆ.
ಹೊಸ ಟ್ಯಾಂಕಿನ ಕಿವಿಯ ಪಕ್ಕದಲ್ಲೇ
ಮೂರನ್ನೂ ನಿಲ್ಲಿಸಿದೆ, ಗುಟ್ಟು ಹೇಳುವಷ್ಟು ಹತ್ತಿರ.
ಎಂಥ ಉದ್ಯೋಗ ಇವುಗಳದು!
ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುವುದು;
ಒಂದೇ ಒಂದು ಸಲ, ರೆಪ್ಪೆ ಅಲುಗುವ ಮೊದಲು ತೆರೆದು
"ಹೀಗೆ ಹೋಗು" ಎಂದು ಮಣ್ಣಿಗೆ ಇಳಿಸಿ
ಮತ್ತೆ ಮುಚ್ಚುವುದು.

ಮಣ್ಣು ಮಾತ್ರ ಒಪ್ಪಲಿಲ್ಲ. ಒಣಗಿದ ಕೆಂಪು ಜಂಬಿಟ್ಟಿಗೆ.
ಮೂರು ಸಲಾಕೆ ಬಡಿದರೂ ಮೀಟರಿನ ಮುಳ್ಳು ಇಳಿಯದು.
ಆಗ ಬಂದಳು ಹುರಿದ ಮೀನಿನಂಗಡಿಯ ನಮುಗ್ಗ:
"ಮೀನು ತೊಳೆದ ನೀರು ಎಲ್ಲಿ ಚೆಲ್ಲಲಿ?
ನಿಮ್ಮ ಗುಂಡಿ ನನ್ನ ದಾರಿಗೇ ಇದೆ."
"ಅದರೊಳಗೇ" ಎಂದ ಸೆಕಬೆಂಬೆ. "ದಿನಾ ಅದರೊಳಗೇ."
ಬೋಗುಣಿ ಬಗ್ಗಿಸಿದ ಕೈಯಲ್ಲಿ ಹೊಸ ತಾಮ್ರದ ಬಳೆ.
ಅವನು ನೋಡಿದ. ನಾನೂ.
ಇಬ್ಬರೂ ಮೀಟರಿನ ಕಡೆ ತಿರುಗಿದೆವು.

ಹನ್ನೊಂದನೆಯ ರಾತ್ರಿ ನೀರಿನ ಮೇಲಿಂದ ಬಂತು ಅದು.
ಕ್ಷೌರದಂಗಡಿಯ ಬಲ್ಬು ಒಮ್ಮೆ ಕಣ್ಣು ಹೊಡೆಯಿತು.
ಅರ್ಧ ಗಡ್ಡದವನು ಕೇಳಿದ, "ಏನಾಯ್ತು?"
"ಏನೂ ಆಗಲಿಲ್ಲ."

ಬೆಳಿಗ್ಗೆ ನಡುವಿನ ಅರೆಸ್ಟರ್ ಸತ್ತಿತ್ತು.
ಬಾಲ ಕಳಚಿಕೊಂಡು ಗಾಳಿಗೆ ಜೋತಾಡುತ್ತಿತ್ತು;
ಸಾಯುವಾಗ ಅದು ಬರೆದಿಡುವ ಚೀಟಿ ಅಷ್ಟೇ.
ಟ್ಯಾಂಕು ಬೆಚ್ಚಗೆ ಗುಂಯ್‌ಗುಡುತ್ತಿತ್ತು.
ನಾನು ಬೆಲ್ಟು ಬಿಗಿದು ಏಣಿಗೆ ಕಾಲಿಟ್ಟೆ.
ಹಿಂದಿನಿಂದ ನಮುಗ್ಗ, ಬೋಗುಣಿ ಸೊಂಟಕ್ಕಾನಿಸಿ:
"ಇವತ್ತೂ ಹಾಕಲಾ?"