ಬಾಯಿ ಬಿಡಿ

ಬ್ಯಾಲರಾಟ್ ಊರಿನ ನೆಲ ಒಳಗೆ ಪೊಳ್ಳು.
ಚಿನ್ನ ಬಗೆದವರು ಬಿಟ್ಟುಹೋದ ಗುಂಡಿಗಳ ಮೇಲೆಯೇ
ಚರ್ಚು, ಬ್ಯಾಂಕು, ಮುದುಕರ ಬೌಲಿಂಗ್ ಕ್ಲಬ್ಬು.
ಹೋದ ಮಂಗಳವಾರ ಕ್ಲಬ್ಬಿನ ಹುಲ್ಲು ಒಂದು ಮಂಚದಗಲ ಕುಸಿಯಿತು.
ಅರವತ್ತಡಿ ಕೆಳಗೆ ದವಡೆಯೊಂದು,
ಹನ್ನೊಂದು ಹಲ್ಲು ಇನ್ನೂ ಕಚ್ಚಿಕೊಂಡಿದ್ದವಂತೆ
ಏನನ್ನೋ ಹೇಳಬಾರದೆಂದು.

ಪೊಲೀಸ್ ಹುಡುಗಿ ಡಂಕ್ಲಿ ಕ್ಲಿನಿಕ್ಕಿಗೆ ಬಂದಳು.
(ಅವಳ ಹಾಲುಹಲ್ಲು ಕಿತ್ತದ್ದು ಇಲ್ಲೇ; ಅತ್ತಿರಲಿಲ್ಲ.)
ಎಂಬತ್ತೇಳರ ಹಿಂದಿನ ಕಾರ್ಡೆಲ್ಲ ಬೇಕಂತೆ.
ಇಡೀ ಊರಿನ ಬಾಯಿ ನೋಡಿದವರು ನೀವು, ಮಿಸೆಸ್ ಟ್ರೆಗಿಯರ್, ಅಂದಳು.
ನೋಡಿದವನು ನನ್ನ ಗಂಡ.
ಬಾಯಿ ಬಿಡಿ ಅನ್ನುವುದು ಅವನ ಕೆಲಸ,
ಬಿಡದಿರುವುದು ನನ್ನದು.

ಮೊದಲ ಹೆಂಡತಿ ನೋರೀನ್ ಓಡಿಹೋದದ್ದು ಊರಿಗೇ ಗೊತ್ತು.
ಈಸ್ಟರಿನ ಹಿಂದಿನ ಬುಧವಾರ, ಕಾಯರ್ ಮಾಸ್ತರ ಪ್ರೋಬರ್ಟ್ ಜೊತೆ,
ಅಡಿಲೇಡಿನ ರಾತ್ರಿ ಬಸ್ಸಿನಲ್ಲಿ.
ಅಂಚೆ ಕಚೇರಿಯ ಮಿಸೆಸ್ ಹಾಕಿನ್ ಕಣ್ಣಾರೆ ಕಂಡಳು.
ಕಂಡದ್ದು ಪ್ರೋಬರ್ಟ್‌ನನ್ನು. ಪಕ್ಕದ ಸೀಟಿಗೆ ಅವಳನ್ನು ಕೂರಿಸಿದ್ದು
ಕ್ಷೌರದಂಗಡಿ, ಬೇಕರಿ,
ಭಾನುವಾರದ ಪ್ರಾರ್ಥನೆ ಮುಗಿದ ಮೇಲಿನ ಅರ್ಧ ಗಂಟೆ.

ನಾನಾಗ ರಿಸೆಪ್ಷನ್ನಿನಲ್ಲಿ. ಇಪ್ಪತ್ತಾರು.
ಅವನ ಕಾಫಿ ಬಟ್ಟಲ ಪಕ್ಕ ಎರಡು ಬಿಸ್ಕತ್ತು ಇಡುತ್ತಿದ್ದೆ, ಅಷ್ಟೇ.
ಆಮೇಲೆ ಮೂರು.
ಆಮೇಲೆ ಊರು ನಮ್ಮನ್ನೂ ಒಂದಿಷ್ಟು ದಿನ ಅಗಿಯಿತು, ಉಗುಳಿತು, ಮರೆಯಿತು.

ಮದುವೆಯಾದ ಮೊದಲ ಚಳಿಗಾಲ, ಕಾರ್ಡು ಜೋಡಿಸುತ್ತ ಕಂಡೆ:
ನೋರೀನಳ ಎಡ ದವಡೆಗೆ ಚಿನ್ನದ ಕ್ಯಾಪು ಹಾಕಿತ್ತು,
ಬಿಲ್ಲು ಬರೆದವಳೇ ನಾನು.
ಕಾರ್ಡಿನಲ್ಲಿ ಆ ಜಾಗ ಬ್ಲೇಡಿನಿಂದ ಕೆರೆದ ಬಿಳಿ.
ಅವನ ಕೈ ಎಷ್ಟು ನಾಜೂಕೆಂದು ನನಗಿಂತ ಯಾರಿಗೆ ಗೊತ್ತು.

ಕೇಳಲಿಲ್ಲ. ಕೇಳಿ, ಅವನು ಹೇಳಿಯೇಬಿಟ್ಟರೆ?
ಮೂವತ್ತು ಚಿಲ್ಲರೆ ವರ್ಷ,
ಒಂದು ಬಾಯಿ ತುಂಬುವಷ್ಟು ವರ್ಷ,
ಅವನ ಉಸಿರೆಣಿಸುತ್ತ ಮಲಗಿದೆ.
ಒಳ್ಳೆಯವನು. ಬಾಗಿಲ ಕಡೆ ತಾನೇ ಮಲಗುತ್ತಾನೆ.
ಚಹಾ ನಾನೊಂದು ಗುಟುಕು ಕುಡಿದ ಮೇಲೆಯೇ
ತನ್ನದಕ್ಕೆ ಕೈ ಹಾಕುತ್ತಾನೆ.
ಮರ್ಯಾದಸ್ಥ ಮನೆತನದವನು ಎಂದು ಅಕ್ಕನ ಹತ್ತಿರ ಹೇಳಿಕೊಂಡಿದ್ದೆ.

ನಿನ್ನೆ ಸಂಜೆ ಪೆಟ್ಟಿಗೆಯಿಂದ ಆ ಒಂದು ಕಾರ್ಡು ಎತ್ತಿ
ಅವನ ಮುಂದಿಟ್ಟೆ.
ಕನ್ನಡಕ ತೆಗೆದ. ಒರೆಸಿದ. ಹಾಕಿಕೊಂಡ.
"ಕೆರೆದದ್ದು ನಾನೇ, ಗ್ಲೆನಿಸ್," ಅಂದ.
"ನಿನಗೋಸ್ಕರ."

ನನಗೋಸ್ಕರ?

"ಆ ಬುಧವಾರದ ಮಾರನೆ ದಿನ ನಿನ್ನ ಶೂ ತುಂಬ ಹಳದಿ ಜೇಡಿ.
ಹಳೇ ಗಣಿ ಬಿಟ್ಟರೆ ಎಲ್ಲೂ ಇಲ್ಲದ ಜೇಡಿ.
ವಾರ ಕಳೆಯುವಷ್ಟರಲ್ಲಿ ಶೂ ಇಲ್ಲ.
ನಾನು ಕೇಳಿದೆನೇ? ಒಂದು ದಿನವಾದರೂ?"

ಶೂ ಇತ್ತು, ನಿಜ. ಕಂದು ಬಣ್ಣದ್ದು, ಹೊಸದು.
ಹಿಮ್ಮಡಿ ಕಚ್ಚುತ್ತಿತ್ತು ಅಂತ ಹಿತ್ತಿಲಲ್ಲಿ ಸುಟ್ಟೆ.
ಕಚ್ಚುವ ಶೂವನ್ನು ಯಾರಾದರೂ ಸುಡುತ್ತಾರಾ,
ಈ ಪ್ರಶ್ನೆ ಈವರೆಗೆ ನನಗೆ ಬಂದೇ ಇರಲಿಲ್ಲ.
ಆ ರಾತ್ರಿ ನಾನೆಲ್ಲಿದ್ದೆ?
ಮನೆಯಲ್ಲೇ. ಇಸ್ತ್ರಿ ಹಾಕುತ್ತ. ರೇಡಿಯೋ ಇತ್ತು.
ಯಾವ ಕಾರ್ಯಕ್ರಮ ಎಂದು ಕೇಳಬೇಡಿ.
ನಾಲಿಗೆ ತಂತಾನೇ ಹಿಂದಿನ ಹಲ್ಲಿನ ಸಂದಿಗೆ ಹೋಗುತ್ತದೆ;
ಅಲ್ಲೊಂದು ಹುಳುಕಿದೆ, ಅವನಿಗೆ ತೋರಿಸಿಲ್ಲ.

ಸುಳ್ಳೇ ಹೇಳುತ್ತಿದ್ದರೆ, ಎಷ್ಟು ಚೆನ್ನಾಗಿ ಹೇಳುತ್ತಾನೆ!
ಸೂಜಿ ಹಿಂದೆ ಬಚ್ಚಿಟ್ಟುಕೊಂಡು
ನೋವಾಗೋದಿಲ್ಲ ಪುಟ್ಟಾ ಅನ್ನುವ ಅದೇ ದನಿ.

ಒಂಬತ್ತಕ್ಕೆ ಡಂಕ್ಲಿ ಬರುತ್ತಾಳೆ.
ಇಬ್ಬರಿಗೂ ಚಹಾ ಮಾಡಿಟ್ಟಿದ್ದೇನೆ.
ನಾನು ಮೊದಲು ಕುಡಿಯಲೆಂದು
ಅವನು ಎಂದಿನಂತೆ ಕಾಯುತ್ತಿದ್ದಾನೆ.
ಇವತ್ತು ನಾನೂ.